ಓಗಿಜಿಮಾ ದ್ವೀಪಕ್ಕೆ ಹೋಗಿಬರುವ ಬಗೆ: ಕಾರವಾರ, ಶಿರಸಿ ಕಡೆಯವರಿಗೆ

ತದಡಿಯಲ್ಲಿ ಅಘನಾಶಿನಿ ದಾಟುವಾಗ ದಡದಿಂದ ಕೈ ಬೀಸಿದರೆ ದೋಣಿಯವರು ಇನ್ನೆರಡು ನಿಮಿಷ ಕಾಯುವುದುಂಟು. ಜಪಾನಿನ ಫೆರಿಗಳಲ್ಲಿ ಆ ದಾಕ್ಷಿಣ್ಯ ಇಲ್ಲ. ಒಬ್ಬನೇ ಪ್ರಯಾಣಿಕನಿದ್ದರೂ ಹತ್ತು ಗಂಟೆಯ ಫೆರಿ ಹತ್ತಕ್ಕೇ ಹೊರಡುತ್ತದೆ, ಹಗ್ಗ ಬಿಚ್ಚಿದ ಮೇಲೆ ಯಾರು ಓಡಿ ಬಂದರೂ ನಿಲ್ಲುವುದಿಲ್ಲ. ಹಾಗಾಗಿ ದ್ವೀಪದಿಂದ ಮರಳುವ ಕೊನೆಯ ಫೆರಿ ಎಷ್ಟು ಹೊತ್ತಿಗೆ ಎಂದು ಮೊದಲು ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬನ್ನಿ.

ಓಗಿಜಿಮಾ ಇರುವುದು ಜಪಾನಿನ ಸೆತೊ ಒಳಸಮುದ್ರದಲ್ಲಿ, ಶಿಕೊಕು ಎಂಬ ದೊಡ್ಡ ದ್ವೀಪದ ತಕಮತ್ಸು ಬಂದರಿನಿಂದ ಫೆರಿಯಲ್ಲಿ 40 ನಿಮಿಷ ದೂರ. ಊರಿನ ಜನಸಂಖ್ಯೆ ಇನ್ನೂರನ್ನೂ ಮುಟ್ಟುವುದಿಲ್ಲ. ಪಕ್ಕದ ನಾವೊಶಿಮಾ ದ್ವೀಪದ ಹೆಸರು ಕೇಳಿದವರು ಬಹಳ ಜನ, ಇದನ್ನು ಕೇಳಿದವರು ಕಡಿಮೆ.

ವೀಸಾ ಮೊದಲೇ ಮಾಡಿಸಿಕೊಳ್ಳಬೇಕು, ಅರ್ಜಿ ಕೇಂದ್ರ ಬೆಂಗಳೂರಿನಲ್ಲಿದೆ. ಕಾರವಾರದಿಂದ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಸಂಜೆ ಹೊರಟರೆ ಬೆಳಿಗ್ಗೆ ಬೆಂಗಳೂರು. ವಿಮಾನವನ್ನು ಒಸಾಕಾದ ಕನ್ಸಾಯ್ ನಿಲ್ದಾಣಕ್ಕೇ ತೆಗೆದುಕೊಳ್ಳಿ. ಅಲ್ಲಿಂದ ತಕಮತ್ಸುಗೆ ನೇರ ಬಸ್ಸಿದೆ, ಸುಮಾರು ಮೂರೂವರೆ ತಾಸು. ರೈಲೇ ಬೇಕೆಂದರೆ ಶಿನ್-ಒಸಾಕಾದಿಂದ ಒಕಯಾಮಾಕ್ಕೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಮುಕ್ಕಾಲು ತಾಸು, ಮುಂದೆ ಮರೀನ್ ಲೈನರ್ ರೈಲಿನಲ್ಲಿ ಇನ್ನೊಂದು ತಾಸಿನೊಳಗೆ ತಕಮತ್ಸು. ಈ ರೈಲು 1988ರಲ್ಲಿ ತೆರೆದ ಸೆತೊ ದೊಡ್ಡ ಸೇತುವೆಯ ಮೇಲೆ ಸಮುದ್ರ ದಾಟುತ್ತದೆ. ಕಿಟಕಿ ಪಕ್ಕದ ಸೀಟು ಬಿಡಬೇಡಿ.

ರಾತ್ರಿ ತಕಮತ್ಸುವಿನಲ್ಲೇ ಉಳಿಯಿರಿ. ದೊಡ್ಡ ಪೆಟ್ಟಿಗೆ ರೈಲು ನಿಲ್ದಾಣದ ಲಾಕರಿನಲ್ಲೋ ಹೋಟೆಲಿನಲ್ಲೋ ಇರಲಿ. ದ್ವೀಪದ ಓಣಿಗಳೆಲ್ಲ ಕಡಿದಾದ ಏರು, ಮೆಟ್ಟಿಲು ಬೇರೆ, ಚಕ್ರದ ಪೆಟ್ಟಿಗೆ ಅಲ್ಲಿ ಕೆಲಸಕ್ಕೆ ಬಾರದು.

ರೈಲು ನಿಲ್ದಾಣದಿಂದ ಬಂದರಿಗೆ ನಡೆದು ಹೋಗುವಷ್ಟೇ ದೂರ. ಅಲ್ಲಿ ಬೇರೆ ಬೇರೆ ದ್ವೀಪಗಳಿಗೆ ಬೇರೆ ಬೇರೆ ಕಂಪನಿಗಳ ಫೆರಿ, ಬೇರೆ ಬೇರೆ ಟಿಕೆಟ್ ಕಿಟಕಿ. ಹೆಚ್ಚಿನವರು ಎಡವುವುದು ಇಲ್ಲೇ: ಉದ್ದ ಸಾಲು ಕಂಡಲ್ಲಿ ಹೋಗಿ ನಿಲ್ಲುತ್ತಾರೆ, ಅದು ನಾವೊಶಿಮಾದ ಸಾಲಾಗಿರುತ್ತದೆ. ನಿಮಗೆ ಬೇಕಾದದ್ದು ‘ಮೆಓನ್’ ಎಂಬ ಫೆರಿ. ಸಾಮಾನ್ಯ ದಿನಗಳಲ್ಲಿ ಹೆಚ್ಚುಕಡಿಮೆ ಎರಡು ತಾಸಿಗೊಂದರಂತೆ ದಿನಕ್ಕೆ ಆರು ಸಲ ಬಿಡುತ್ತದೆ, ದ್ವೀಪದಿಂದ ಕೊನೆಯದು ಸಂಜೆ ಐದರ ಆಸುಪಾಸು. ಹಿಂದಿನ ದಿನವೇ ಕಿಟಕಿಯ ಮೇಲಿನ ವೇಳಾಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಕಡೆಗೆ ಟಿಕೆಟ್ ಸುಮಾರು 500 ಯೆನ್. ಕಾರ್ಡನ್ನು ನಂಬಬೇಡಿ, ಸಾವಿರ ಯೆನ್ನಿನ ನೋಟುಗಳೂ ನೂರರ ನಾಣ್ಯಗಳೂ ಜೇಬಿನಲ್ಲಿರಲಿ. ಬೆಳಗಿನ ಎಂಟು ಇಲ್ಲವೆ ಹತ್ತರ ಫೆರಿ ಹಿಡಿದರೆ ದ್ವೀಪಕ್ಕೆ ನಾಲ್ಕರಿಂದ ಆರು ತಾಸು ಸಿಗುತ್ತದೆ, ಅಷ್ಟು ಸಾಕು.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೀನು ತಿನ್ನುವವರಿಗೆ ಚಿಂತೆಯಿಲ್ಲ, ದ್ವೀಪದ ಆಕ್ಟೋಪಸ್ ಅನ್ನ ಹೆಸರುವಾಸಿ. ಸಸ್ಯಾಹಾರಿಗಳಿಗೆ ಮಾತ್ರ ಕಷ್ಟ. ತಕಮತ್ಸು ಉಡಾನ್ ಶಾವಿಗೆಯ ಊರು, ಹಿಟ್ಟಿನಲ್ಲಿ ಗೋಧಿ, ಉಪ್ಪು, ನೀರು ಬಿಟ್ಟರೆ ಬೇರೇನೂ ಇಲ್ಲ. ಆದರೆ ಅದಕ್ಕೆ ಹೊಯ್ಯುವ ಸಾರು ಒಣಮೀನಿನದು, ಮೇಲೆ ಒಂದು ಚೂರೂ ಕಾಣುವುದಿಲ್ಲ. ‘ಮೀನು ಬೇಡ’ ಎಂದರೆ ಮೀನಿನ ತುಂಡು ಹಾಕುವುದಿಲ್ಲ ಅಷ್ಟೆ, ಸಾರು ಅದೇ. ‘ದಾಶಿ’ (ಆ ಸಾರಿನ ಹೆಸರು) ಬೇಡ ಎಂದು ಹೆಸರು ಹಿಡಿದೇ ಹೇಳಬೇಕು, ಆಗಲೂ ಎಷ್ಟೋ ಕಡೆ ‘ಆಗುವುದಿಲ್ಲ’ ಎಂಬ ಉತ್ತರವೇ ಬರುತ್ತದೆ. ಭದ್ರವಾದ ದಾರಿ ಎಂದರೆ ತಕಮತ್ಸುವಿನ ಅಂಗಡಿಯಲ್ಲಿ ಉಪ್ಪು ಮಾತ್ರ ಹಾಕಿದ ಅನ್ನದುಂಡೆ, ‘ಶಿಯೊ ಮುಸುಬಿ’, ಒಬ್ಬರಿಗೆ ಎರಡರಂತೆ ಕಟ್ಟಿಸಿಕೊಂಡು ಊರಿನ ಚಟ್ನಿಪುಡಿ ಜೊತೆಗೆ ಒಯ್ಯುವುದು. ತೆಳು ಅವಲಕ್ಕಿ ಹೊತ್ತಿಗೆ 75 ಗ್ರಾಂ ಲೆಕ್ಕದಲ್ಲಿ ಇಟ್ಟುಕೊಂಡರೆ ಒಲೆಯೂ ಬೇಡ. ಹಸಿ ಕರಿಬೇವು, ಹಣ್ಣು, ಮಾಂಸದ ಪದಾರ್ಥ ಪೆಟ್ಟಿಗೆಯಲ್ಲಿ ಬೇಡ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹೋಗುತ್ತವೆ. ಅಂಕೋಲೆಯ ಕರಿ ಇಶಾಡು ಮಾವು ಎಷ್ಟೇ ರುಚಿಯಿದ್ದರೂ ಮನೆಯಲ್ಲೇ ತಿಂದು ಹೊರಡಿ. ದ್ವೀಪದಲ್ಲಿ ಕನ್ವೀನಿಯನ್ಸ್ ಸ್ಟೋರ್ ಇಲ್ಲ, ಇರುವ ನಾಲ್ಕಾರು ಕೆಫೆಗಳು ವಾರದ ನಡುವೆ ಬಾಗಿಲು ಹಾಕಿರುವುದೇ ಹೆಚ್ಚು.

ಇಳಿದ ಕೂಡಲೇ ಕಾಣುವ ಬಿಳಿ ಚಾವಣಿಯ ತುಂಬ ಲೋಕದ ಹಲವು ಲಿಪಿಗಳ ಅಕ್ಷರಗಳಿವೆ. ಸ್ಪೇನಿನ ಜೌಮೆ ಪ್ಲೆನ್ಸಾ 2010ರಲ್ಲಿ ಮಾಡಿದ್ದು. ಬಿಸಿಲಿದ್ದರೆ ಅಕ್ಷರಗಳ ನೆರಳು ನೆಲಕ್ಕೆ ಬೀಳುತ್ತದೆ. ಮೊದಲು ದೂರದ ಲೈಟ್‌ಹೌಸ್ ಮುಗಿಸಿ. ಬಂದರಿನಿಂದ ಸುಮಾರು 2 ಕಿಲೋಮೀಟರ್, ನಿಧಾನಕ್ಕೆ ನಡೆದರೆ ಅರ್ಧ ತಾಸು. 1895ರದು, ಬಣ್ಣ ಬಳಿಯದ ಗ್ರಾನೈಟ್ ಗೋಪುರ. ಮರಳಿ ಬಂದು ಉಳಿದ ಹೊತ್ತು ಓಣಿಗಳಲ್ಲಿ ಸುತ್ತಿ. ದಾರಿ ತಪ್ಪಿದರೆ ಗಾಬರಿ ಬೇಡ, ಇಳಿಜಾರಾದ ಓಣಿ ಯಾವುದಾದರೂ ಕೊನೆಗೆ ದಡಕ್ಕೇ ಮುಟ್ಟಿಸುತ್ತದೆ. ಓಣಿಗಳು ಮನೆಗಳ ಹೊಸ್ತಿಲಿಗೆ ತಾಗಿಕೊಂಡೇ ಹೋಗುತ್ತವೆ, ಒಳಗೆ ಇಣುಕಿ ಫೋಟೋ ತೆಗೆಯಬೇಡಿ. ಕಸದ ಡಬ್ಬಿ ಹುಡುಕುವ ಬದಲು ಚೀಲದಲ್ಲೇ ಮರಳಿ ತನ್ನಿ.

ಅಕ್ಟೋಬರ್ ಕೊನೆಯಿಂದ ನವೆಂಬರ್ ತನಕ ಒಳ್ಳೆಯ ಕಾಲ. ಫೆಬ್ರವರಿಯಲ್ಲಿ ಲೈಟ್‌ಹೌಸ್ ಹಾದಿಯಲ್ಲಿ ನಾರ್ಸಿಸಸ್ ಹೂವು ಅರಳುತ್ತದೆ, ಆದರೆ ಶಿರಸಿಯ ಚಳಿಯ ಸ್ವೆಟರ್ ಅಲ್ಲಿಗೆ ಸಾಲದು. ವಸಂತದಲ್ಲಿ ದಟ್ಟ ಮಂಜು, ಆಗಸ್ಟ್-ಸೆಪ್ಟೆಂಬರಿನಲ್ಲಿ ಚಂಡಮಾರುತ, ಎರಡಕ್ಕೂ ಫೆರಿ ನಿಲ್ಲುತ್ತದೆ. ಹಾಗಾಗಿ ಮರುದಿನವೇ ವಿಮಾನ ಇಟ್ಟುಕೊಳ್ಳಬೇಡಿ. ಮೂರು ವರ್ಷಕ್ಕೊಮ್ಮೆ ಸೆತೌಚಿ ಕಲಾ ಉತ್ಸವ ನಡೆಯುತ್ತದೆ, ಕಳೆದದ್ದು 2025ರಲ್ಲಿ. ಆ ದಿನಗಳಲ್ಲಿ ಫೆರಿ ತುಂಬಿ ಜನ ದಡದಲ್ಲೇ ಉಳಿಯಬಹುದು. ಶಾಂತಿ ಬೇಕೆಂದರೆ ಆ ವರ್ಷ ಬಿಟ್ಟು ಹೋಗಿ.

ಮರಳುವಾಗ ಕೊನೆಯ ಫೆರಿಗಿಂತ ಒಂದು ಮೊದಲಿನದನ್ನೇ ಹಿಡಿಯಿರಿ, ಕೊನೆಯದು ಆಪತ್ತಿಗೆ ಇರಲಿ. ಹೊರಟು 20 ನಿಮಿಷಕ್ಕೆ ಫೆರಿ ಮೆಗಿಜಿಮಾದಲ್ಲಿ ನಿಲ್ಲುತ್ತದೆ. ತಕಮತ್ಸು ಬಂತೆಂದು ಅಲ್ಲಿ ಇಳಿದುಬಿಡಬೇಡಿ, ಮುಂದಿನ ಫೆರಿಗೆ ಎರಡು ತಾಸು ಕಾಯಬೇಕಾದೀತು.