ಕೃಷಿ ಹೊಂಡದಲ್ಲಿ ತೇಲುವ ಸೋಲಾರ್: ತೆಪ್ಪ ಕಟ್ಟಿದ ವಿಧಾನ

ಚಿಂತಾಮಣಿ, ಶ್ರೀನಿವಾಸಪುರದ ಕಡೆ ಈಗ ಕೃಷಿ ಹೊಂಡಗಳಿಗೆ ಕೊರತೆಯಿಲ್ಲ. ಹೊಂಡದ ಬದುವಿನಲ್ಲಿ ಪ್ಯಾನೆಲ್ ನಿಲ್ಲಿಸಲು ಜಾಗ ಸಿಗದೆ, ಇಲ್ಲವೇ ಮಾವಿನ ಮರದ ನೆರಳು ಬಿಡದೆ, ಅವನ್ನು ನೀರಿನ ಮೇಲೆಯೇ ತೇಲಿಸುವ ಯೋಚನೆ ಬರುತ್ತದೆ. ನಾವು ಮಾಡಿದ್ದೂ ಅದಕ್ಕೇ. ಆವಿ ತಡೆಯಲು ಅಂತ ಮಾಡಬೇಡಿ. 21 ಮೀಟರ್ ಚದರದ ಹೊಂಡಕ್ಕೆ 441 ಚದರ ಮೀಟರ್ ನೀರಿನ ಮುಖ. ನಾಲ್ಕು ಪ್ಯಾನೆಲ್ ಮುಚ್ಚುವುದು ಎಂಟು. ನೀರಿನ ತಂಪಿಗೆ ಕರೆಂಟ್ ಜಾಸ್ತಿ ಬರುತ್ತದೆ ಅನ್ನುವ ಮಾತಿಗೂ ನಾವು ಹೆಚ್ಚು ಬೆಲೆ ಕೊಡುವುದಿಲ್ಲ. ನಿಜವಾದ ಲಾಭ ಬೇರೆ: ತೆಪ್ಪದಿಂದ ತೂಗುವ ಪಂಪು ಸದಾ ನೀರಿನಲ್ಲೇ ಇರುವುದರಿಂದ ಫುಟ್‌ವಾಲ್ವ್ (ಹೀರುವ ಪೈಪಿನ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಕವಾಟ) ಕಾಟವಿಲ್ಲ, ತಳದ ಕೆಸರು ಡ್ರಿಪ್ ಫಿಲ್ಟರಿಗೆ ಬರುವುದಿಲ್ಲ.

ನಮ್ಮ ಲೆಕ್ಕ 1 ಎಚ್‌ಪಿ ಡಿಸಿ ಪಂಪಿನದು. 330 ವ್ಯಾಟ್‌ನ 72 ಸೆಲ್ಲಿನ ಪ್ಯಾನೆಲ್ ನಾಲ್ಕು, ಒಂದೊಂದೂ ಸುಮಾರು 196 ಸೆಂ.ಮೀ. ಉದ್ದ, 99 ಸೆಂ.ಮೀ. ಅಗಲ, 22 ಕೆ.ಜಿ. ತೂಕ. ಚೌಕಟ್ಟು 40×40×2 ಎಂ.ಎಂ. ಜಿಐ (ಸತು ಲೇಪಿಸಿದ ಕಬ್ಬಿಣ) ಚೌಕ ಪೈಪು, ಒಟ್ಟು 40 ಮೀಟರ್, ಅಂದರೆ 95 ಕೆ.ಜಿ. ತೇಲಲು 200 ಲೀಟರಿನ ನೀಲಿ ಡ್ರಮ್ ಎಂಟು. ನಾಲ್ಕು ನಾಲ್ಕರಂತೆ ಎರಡು ಸಾಲು, ಸಾಲಿನಿಂದ ಸಾಲಿಗೆ ನಡುವಿನಿಂದ ನಡುವಿಗೆ 1.8 ಮೀಟರ್. ಸಾಲುಗಳು ದೂರವಿದ್ದಷ್ಟೂ ತೆಪ್ಪ ಹೊರಳುವುದಿಲ್ಲ. ಕ್ಯಾಟಮರಾನ್ ದೋಣಿಗೆ ಎರಡು ಒಡಲು ಇರುವುದೂ ಇದೇ ಕಾರಣಕ್ಕೆ. ಡ್ರಮ್ ಹಳೆಯದಾದರೆ ಮೊದಲು ಅದರಲ್ಲಿ ಏನಿತ್ತು ಅಂತ ಕೇಳಿ. ಆ ನೀರು ಟೊಮ್ಯಾಟೊಗೆ ಹೋಗುತ್ತದೆ.

ಎಲ್ಲರೂ ಕೇಳುವ ಪ್ರಶ್ನೆ, ಇದು ಮುಳುಗುವುದಿಲ್ಲವೇ ಅಂತ. ಎಂಟು ಡ್ರಮ್ 1,600 ಕೆ.ಜಿ. ಹೊರುತ್ತದೆ; ಪ್ಯಾನೆಲ್, ಚೌಕಟ್ಟು, ಡ್ರಮ್, ಪಂಪು, ಓಡಾಡುವ ಹಲಗೆ ಎಲ್ಲ ಸೇರಿ 320 ಕೆ.ಜಿ. ದಾಟುವುದಿಲ್ಲ. ಮುಳುಗುವ ಮಾತೇ ಇಲ್ಲ, ಹೆದರಬೇಕಾದದ್ದು ಹಾರಿಹೋಗುವುದಕ್ಕೆ. ಗಾಳಿಯ ಹೊರೆಗೆ ಇರುವ ಐಎಸ್ 875 ಮಾನದಂಡದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಗಾಳಿ ಹಿಡಿದಿದ್ದಾರೆ. ಆ ವೇಗದಲ್ಲಿ ಚದರ ಮೀಟರಿಗೆ ಸುಮಾರು 65 ಕೆ.ಜಿ. ಒತ್ತಡ. ಎಂಟು ಚದರ ಮೀಟರ್ ಪ್ಯಾನೆಲ್ ಅಡಿಗೆ ಗಾಳಿ ಪೂರ್ತಿ ಹೊಕ್ಕರೆ 500 ಕೆ.ಜಿ. ಮೇಲಕ್ಕೆ ಎತ್ತುತ್ತದೆ, ತೆಪ್ಪದ ತೂಕವೋ 320. ಏಪ್ರಿಲ್-ಮೇ ತಿಂಗಳಲ್ಲಿ ಆಲಿಕಲ್ಲು ಮಳೆಯ ಮುಂಚೆ ಬೀಸುವ ಗಾಳಿ ಕಂಡವರಿಗೆ ಇದು ಬರೀ ಕಾಗದದ ಲೆಕ್ಕ ಅನ್ನಿಸಲಾರದು. ಅದಕ್ಕೇ ಪ್ರತಿ ಡ್ರಮ್ಮಿಗೂ 60 ಲೀಟರ್ ನೀರು, ಅಂದರೆ 20 ಲೀಟರಿನ ಮೂರು ಕ್ಯಾನ್. ತೂಕ 800ಕ್ಕೆ ಏರುತ್ತದೆ, ಡ್ರಮ್ ಅರ್ಧ ಮುಳುಗುತ್ತದೆ. ಇಬ್ಬರು ಹತ್ತಿ ನಿಂತರೂ ಶೇ. 60ರ ಆಸುಪಾಸು. ನೀರು ತುಂಬುವುದು ತೆಪ್ಪ ಹೊಂಡಕ್ಕೆ ಇಳಿದ ಮೇಲೆ. ಡ್ರಮ್ ಮಲಗಿಸಿ ಕಟ್ಟುವಾಗ ಒಂದು ಬಿರಡೆ ಮೇಲ್ತುದಿಗೆ ಬರಲಿ, ರಬ್ಬರ್ ವಾಷರ್ ಜೊತೆ ಟೆಫ್ಲಾನ್ ಟೇಪೂ ಸುತ್ತಿ.

ಇದೇ ಗಾಳಿಯ ಕಾರಣಕ್ಕೆ ಪ್ಯಾನೆಲ್ಲಿನ ಓರೆ 10 ಡಿಗ್ರಿಗಿಂತ ಹೆಚ್ಚು ಬೇಡ. ಓರೆ ಸಾಮಾನ್ಯವಾಗಿ ಊರಿನ ಅಕ್ಷಾಂಶದಷ್ಟು ಇಡುತ್ತಾರೆ; ನಮ್ಮ ಅಕ್ಷಾಂಶ 13ರ ಮೇಲೆ ಸ್ವಲ್ಪ, ಹಾಗಾಗಿ ಕರೆಂಟಿಗೆ ದೊಡ್ಡ ನಷ್ಟವೇನಿಲ್ಲ. 5 ಡಿಗ್ರಿಗಿಂತ ಕಡಿಮೆಯಾದರೆ ಮಾತ್ರ ಕೆಳಗಿನ ಅಂಚಿನಲ್ಲಿ ಕೆಮ್ಮಣ್ಣು ಕಟ್ಟಿಕೊಳ್ಳುತ್ತದೆ.

ಡ್ರಮ್ ಬಿಗಿಯಲು ನೈಲಾನ್ ಬೆಲ್ಟ್ ಬಳಸಬೇಡಿ, ಬಿಸಿಲಿಗೆ ಪುಡಿಯಾಗುತ್ತದೆ. 25×3 ಎಂ.ಎಂ. ಜಿಐ ಪಟ್ಟಿ, ಒಳಗೆ ಹಳೆಯ ಸೈಕಲ್ ಟ್ಯೂಬಿನ ಮೆತ್ತೆ. ವೆಲ್ಡ್ ಮಾಡಿದ ಕಡೆ ಸತುವಿನ ಲೇಪ ಸುಟ್ಟಿರುತ್ತದೆ. ಉಜ್ಜಿ ಜಿಂಕ್ ಪೇಂಟ್ ಎರಡು ಕೈ ಹೊಡೆಯದಿದ್ದರೆ ತುಕ್ಕು ಅಲ್ಲಿಂದಲೇ ಶುರು. ಪ್ಯಾನೆಲ್ ಹೊರುವ ಎರಡು ಅಡ್ಡಪಟ್ಟಿ ಪ್ಯಾನೆಲ್ಲಿನ ಎರಡೂ ತುದಿಯಿಂದ 45 ಸೆಂ.ಮೀ. ಒಳಗೆ ಬರಬೇಕು. ತೀರಾ ತುದಿಯಲ್ಲಿ ಕ್ಲಾಂಪ್ ಹಾಕಿದರೆ ಗಾಳಿಗೆ ನಡುಭಾಗ ಬಿಲ್ಲಿನಂತೆ ಬಾಗಿ, ಕಣ್ಣಿಗೆ ಕಾಣದಂತೆ ಸೆಲ್ ಸೀಳುತ್ತದೆ. ಪ್ಯಾನೆಲ್ಲಿನ ಅಂಚು ಹಿಡಿಯುವ ಎಂಡ್ ಕ್ಲಾಂಪ್ ಕೊಳ್ಳುವ ಮುಂಚೆ ಫ್ರೇಮಿನ ದಪ್ಪ ಅಳೆಯಿರಿ: 35 ಎಂ.ಎಂ. ಫ್ರೇಮಿಗೆ 40ರ ಕ್ಲಾಂಪ್ ಹಿಡಿಯುವುದೇ ಇಲ್ಲ. ಸ್ಟೀಲ್ ಬೋಲ್ಟಿಗೆ ಚೂರು ಗ್ರೀಸ್ ಸವರಿ, ಇಲ್ಲದಿದ್ದರೆ ನಟ್ಟು ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ.

ಹೊಂಡ ತುಂಬಿರುವಾಗ, ಹೊಂಡಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಒದ್ದೆ ಗೋಣಿಚೀಲ ಹಾಸಿ, ಡ್ರಮ್ ಕಟ್ಟಿದ ಬರೀ ಚೌಕಟ್ಟನ್ನು ನೀರಿಗೆ ಜಾರಿಸಿ. ಪ್ಯಾನೆಲ್ ಕೂರಿಸುವುದು ಆಮೇಲೆ, ನಡುವಿನ ಎರಡು ಮೊದಲು, ಪಕ್ಕದವು ನಂತರ.

ಕಟ್ಟುವ ಹಗ್ಗದ ಬಗ್ಗೆ ಬಹಳ ಜನ ತಪ್ಪು ತಿಳಿದಿದ್ದಾರೆ. ನೀರು ಎರಡೂವರೆ ಮೀಟರ್ ಇಳಿದರೆ ಹಗ್ಗವೂ ಅಷ್ಟೇ ಉದ್ದ ಬೇಕು ಅಂದುಕೊಂಡು ಸಡಿಲ ಬಿಡುತ್ತಾರೆ. ತೆಪ್ಪ ತಿರುಗಿ, ದಕ್ಷಿಣಕ್ಕೆ ಇರಬೇಕಾದ ಪ್ಯಾನೆಲ್ ಉತ್ತರಕ್ಕೆ ಮುಖ ಮಾಡುತ್ತದೆ, ಗಾಳಿಗೆ ದಡಕ್ಕೆ ಹೋಗಿ ಹಾಳೆ ಹರಿಯುತ್ತದೆ. ದಡದ ಗೂಟದಿಂದ ತೆಪ್ಪಕ್ಕೆ 9.4 ಮೀಟರ್ ಇದ್ದರೆ, ತುಂಬಿದ ಹೊಂಡಕ್ಕೂ ಇಳಿದ ಹೊಂಡಕ್ಕೂ ಹಗ್ಗದ ವ್ಯತ್ಯಾಸ ಸುಮಾರು ಒಂದು ಅಡಿ ಅಷ್ಟೇ. ನೀರು ಕಡಿಮೆಯಿದ್ದಾಗಿನ ಅಳತೆಗೆ ನಾಲ್ಕು ಮೂಲೆಯೂ ಕಟ್ಟಿ, ಪ್ರತಿ ಹಗ್ಗದ ನಡುವೆ ಮೂರು ಕೆ.ಜಿ. ಮರಳಿನ ಚೀಲ ನೇತುಹಾಕಿ. ಹೊಂಡ ತುಂಬಿದಾಗ ಅದೇ ಸಡಿಲವನ್ನು ಎಳೆದುಕೊಳ್ಳುತ್ತದೆ. ಕಲ್ಲು ಬೇಡ, ಹಾಳೆಗೆ ತಾಗಿದರೆ ಕೆಲಸ ಕೆಡುತ್ತದೆ. ತಳದಲ್ಲಿ ನಾಲ್ಕು ಅಡಿ ನೀರು ಉಳಿದಾಗ ಪಂಪು ನಿಲ್ಲುವಂತೆ ಫ್ಲೋಟ್ ಸ್ವಿಚ್ ಇಡಿ. ತೆಪ್ಪ ತಳಕ್ಕೆ ಕೂರಲೇಬಾರದು.

ನಾಲ್ಕೂ ಪ್ಯಾನೆಲ್ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿ. ಒಂದಕ್ಕೆ 46 ವೋಲ್ಟ್ ಅಂದರೆ ಒಟ್ಟು 184; ಡಿಸೆಂಬರಿನ ಚಳಿ ಬೆಳಗ್ಗೆ 190 ದಾಟುತ್ತದೆ, ಪಂಪು ನಡೆಸುವ ಕಂಟ್ರೋಲರ್ ಅದನ್ನು ತಾಳಿಕೊಳ್ಳಬೇಕು. ಕಂಟ್ರೋಲರ್ ಬದುವಿನ ಮೇಲೆ ನೆರಳಿನ ಪೆಟ್ಟಿಗೆಯಲ್ಲಿ, ಅಲ್ಲಿಯವರೆಗೆ 4 ಚದರ ಎಂ.ಎಂ. ಸೋಲಾರ್ ಕೇಬಲ್ 25 ಮೀಟರ್. ನಷ್ಟ ಎರಡು ವೋಲ್ಟ್. ಕೇಬಲ್ಲನ್ನು ದಡಕ್ಕೆ ನೀರು ಒಯ್ಯುವ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿಗೆ ಸೇರಿಸಿ ಕಟ್ಟಿ, ಪೈಪನ್ನು ಹಾವಿನ ಹಾಗೆ ಸುತ್ತು ಬಳಸಿ ಬಿಡಿ. ಪ್ಯಾನೆಲ್ ಕೇಬಲ್ ಜೋಡಿಸುವ ಎಂಸಿ4 ಕನೆಕ್ಟರ್ ಎರಡೂ ಕಡೆ ಒಂದೇ ಕಂಪನಿಯದಿರಲಿ, ಬೇರೆ ಬೇರೆ ಜೋಡಿಸಿದರೆ ಕೂತಂತೆ ಕಂಡರೂ ಒಳಗೆ ಕಾದು ಕರಗುತ್ತದೆ. ಪಂಪು ಓಡುವಾಗ ಅದನ್ನು ಎಳೆಯಬೇಡಿ, ಡಿಸಿ ಕಿಡಿ ತಾನಾಗಿ ಆರುವುದಿಲ್ಲ. ಪ್ಯಾನೆಲ್ ಫ್ರೇಮು, ಚೌಕಟ್ಟು ಎಲ್ಲವನ್ನೂ ಹಸಿರು ವೈರಿನಿಂದ ಬದುವಿನ ಅರ್ಥಿಂಗ್ ಗುಂಡಿಗೆ ಸೇರಿಸಿ.

ಕೊಕ್ಕರೆ ಬಂದು ಕೂರುವುದು ಗ್ಯಾರಂಟಿ. ಒಂದು ಸೆಲ್ ಮುಚ್ಚುವಷ್ಟು ಹಿಕ್ಕೆ ಬಿದ್ದರೆ ಆ ಪ್ಯಾನೆಲ್ಲಿನ ಮೂರನೇ ಒಂದು ಭಾಗವೇ ಹೋದಂತೆ. ಮೇಲಂಚಿನಿಂದ ನಾಲ್ಕು ಇಂಚು ಎತ್ತರಕ್ಕೆ ಮೀನಿನ ಗಾಳದ ದಾರ ಎಳೆದರೆ ಕಾಲೂರಲು ಆಗುವುದಿಲ್ಲ. ತೊಳೆಯಲು ಡೆಲಿವರಿ ಪೈಪಿಗೇ ಒಂದು ಟೀ (ಕವಲು ಜೋಡಣೆ) ಹಾಕಿ ಗೇಟ್‌ವಾಲ್ವ್ ಇಡಿ. ಬೆಳಗ್ಗೆ ಬಿಸಿಲೇರುವ ಮುಂಚೆ ಪಂಪು ಎತ್ತುವಷ್ಟು ಬೆಳಕು ಬಂದ ಕೂಡಲೇ ತೊಳೆಯಿರಿ. ಹೊಂಡದಲ್ಲಿರುವುದು ಬೋರ್‌ವೆಲ್ಲಿನ ಗಡಸು ನೀರಾದರೆ, ಕಾದ ಗಾಜಿನ ಮೇಲೆ ಬಿದ್ದು ಬಿಳಿ ಕಲೆ ಕೂರುತ್ತದೆ.

ತೆಪ್ಪಕ್ಕೆ ಹೋಗುವವರು ಲೈಫ್ ಜಾಕೆಟ್ ಹಾಕಲೇಬೇಕು. ಪಾಚಿ ಕಟ್ಟಿದ ಹಾಳೆಯ ಮೇಲೆ ಈಜು ಬಲ್ಲವರೂ ಹತ್ತಿ ಬರಲಾರರು. ನಾಲ್ಕೂ ಬದಿಯಲ್ಲಿ ಗಂಟು ಹಾಕಿದ ಹಗ್ಗ ಇಳಿಬಿಡಿ, ಸುತ್ತ ಬೇಲಿ ಹಾಕಿ ಬೀಗ ಜಡಿಯಿರಿ.