ಹಳೆ ಗಾಡಿಗೆ ದಪ್ಪ ಆಯಿಲ್ ಹಾಕುವ ಮುಂಚೆ ನಾನು ನೋಡುವುದು

ಲಕ್ಷ ಕಿಲೋಮೀಟರ್ ದಾಟಿ ಆಯಿಲ್ ತಿನ್ನುತ್ತಿರುವ ಕಾರ್ಬ್ಯುರೇಟರ್ ಮಾರುತಿ 800 ಗ್ಯಾರೇಜಿಗೆ ಬಂತೆಂದರೆ ‘20ಡಬ್ಲ್ಯೂ-50 (ದಪ್ಪ ಎಂಜಿನ್ ಆಯಿಲ್) ಹಾಕಿಬಿಡಿ’ ಅನ್ನುವುದು ಮಂಡ್ಯ ಕಡೆ ಸಾಮಾನ್ಯ. ಆಯಿಲ್ ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗುವವರೆಗೆ ನಾನು ಕ್ಯಾನ್ ಬಿಚ್ಚುವುದಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದಿಷ್ಟು ನೀಲಿ ಹೊಗೆ ಬಂದು ನಿಂತರೆ ಹೆಚ್ಚಾಗಿ ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್) ಸವೆದಿದೆ ಅಂತ. ಆಕ್ಸಿಲರೇಟರ್ ಒತ್ತಿದಷ್ಟೂ ಹೊಗೆ ಬಂದರೆ ಪಿಸ್ಟನ್ ರಿಂಗ್. ಖಚಿತ ಮಾಡಿಕೊಳ್ಳಲು ಬಿಸಿ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯುತ್ತೇನೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರೆ, ಒತ್ತಡ ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆತ. ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್. ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ ಇದ್ದು ಮಟ್ಟವೂ ಏರಿದ್ದರೆ ಫ್ಯೂಯೆಲ್ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹರಿದು ಪೆಟ್ರೋಲ್ ಆಯಿಲ್‌ಗೆ ಸೇರುತ್ತಿರಬಹುದು. ಅಂಥ ಗಾಡಿಗೆ ಎಷ್ಟು ದಪ್ಪದ ಆಯಿಲ್ ಹಾಕಿದರೂ ವಾರದೊಳಗೆ ನೀರಿನಂತೆ ತೆಳುವಾಗುತ್ತದೆ.

ಇನ್ನು ನಂಬರ್. ‘ಡಬ್ಲ್ಯೂ’ಗೆ ಮೊದಲು ಬರುವುದು ಚಳಿಯ ಲೆಕ್ಕ. ಮೈಸೂರಿನ ಡಿಸೆಂಬರ್‌ಗೂ 20 ಸಾಕು. ಬಿಸಿಯಾದ ಮೇಲೆ ಕೆಲಸ ಮಾಡುವುದು ಎರಡನೆಯದು: 100 ಡಿಗ್ರಿಯಲ್ಲಿ 40ರ ಆಯಿಲ್ 12.5ರಿಂದ 16.3 ಸೆಂಟಿಸ್ಟೋಕ್ (ಆಯಿಲ್ ದಪ್ಪದ ಅಳತೆ), 50ರದ್ದು ಅಲ್ಲಿಂದ 21.9ರವರೆಗೆ.

ಹೊಸ 20ಡಬ್ಲ್ಯೂ-40 ಹಾಕಿ ಚಾಮುಂಡಿ ಬೆಟ್ಟ ಹತ್ತಿಸಿ, ಮೇಲೆ ಐಡ್ಲಿಂಗ್‌ನಲ್ಲಿ ಬಿಡಿ. ಆಯಿಲ್ ಲ್ಯಾಂಪ್ ಮಿಣುಕಿದರೆ ಪ್ರೆಷರ್ ಸ್ವಿಚ್ ಬಿಚ್ಚಿ, ಅದೇ ಜಾಗಕ್ಕೆ ಗೇಜ್ ಕಟ್ಟಿ. ಸ್ವಿಚ್ಚೇ ಕೆಟ್ಟಿರುವುದೂ ಉಂಟು. ಗೇಜಿನಲ್ಲೂ ಪ್ರೆಷರ್ ಕಮ್ಮಿ ಅಂತ ಬಂದರೆ ಮಾತ್ರ 50ಕ್ಕೆ ಹೋಗುತ್ತೇನೆ. ಅದೂ ಸವೆದ ಬೇರಿಂಗ್ ಬದಲಿಸುವ ಕೆಲಸವನ್ನು ಮುಂದೂಡಿದಂತೆ, ಅಷ್ಟೇ. ಗೇಜಿನ ಮುಳ್ಳು ಮೇಲೇರಿತು ಅಂದರೆ ಆಯಿಲ್ ಹೆಚ್ಚು ಹರಿಯುತ್ತಿದೆ ಅಂತ ಅಲ್ಲ. ದಪ್ಪ ಆಯಿಲ್ ಬೆಳಗಿನ ತಣ್ಣನೆ ಎಂಜಿನ್‌ನಲ್ಲಿ ಹೆಡ್‌ಗೆ (ಎಂಜಿನ್‌ನ ಮೇಲ್ಭಾಗಕ್ಕೆ) ತಡವಾಗಿ ಏರುತ್ತದೆ.

ಬೈಕಿಗೆ ಕಾರಿನ ಆಯಿಲ್ ಸುರಿಯಬೇಡಿ. ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಅದು ಜಾರಿದರೆ ಎಂಜಿನ್ ಸೋತಿದೆ ಅನ್ನಿಸುತ್ತದೆ. ಡಬ್ಬದ ಮೇಲೆ ‘ಜಾಸೋ ಎಂಎ’ ಅಥವಾ ‘ಎಂಎ2’ (ಇಂಥ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತು) ಇರಬೇಕು. ನಮ್ಮ ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಹಳೆ ಯೆಜ್ಡಿ ಬೈಕಿಗೆ ಈ ಲೆಕ್ಕವೇ ಬೇರೆ: ಟೂ-ಸ್ಟ್ರೋಕ್, ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್, ಗೇರ್‌ಬಾಕ್ಸಿಗೆ ಪ್ರತ್ಯೇಕ ಆಯಿಲ್.

ಗ್ರೇಡ್ ಬದಲಿಸಿದ ಮೇಲೆ 1,000 ಕಿಲೋಮೀಟರಿಗೆ ಎಷ್ಟು ಟಾಪ್‌ಅಪ್ ಆಯಿತು ಅಂತ ಬರೆದಿಡಿ. ಮೊದಲಿನಷ್ಟೇ ತಿನ್ನುತ್ತಿದ್ದರೆ, ಸವೆದದ್ದು ಸೀಲೋ ರಿಂಗೋ ನೋಡಿ ಅದನ್ನೇ ಬದಲಿಸಿ.