ನೀಟ್ ಬಿಟ್ಟು ಸಿಇಟಿ ಹಿಡಿದಿದ್ದು ಹೇಗೆ: ನನ್ನ ಅನುಭವ

ನಮ್ಮೂರು ಸಕಲೇಶಪುರ ತಾಲ್ಲೂಕಿನಲ್ಲಿ. ನಾಲ್ಕು ಎಕರೆ ಅರೇಬಿಕಾ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಅಷ್ಟೇ ನಮ್ಮ ಆಸ್ತಿ. ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದಿದೆ, ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ). ಹತ್ತನೇ ಕ್ಲಾಸಿನಲ್ಲಿ ಒಳ್ಳೆ ಮಾರ್ಕ್ಸ್ ಬಂದಿತ್ತು. ಹಾಗಾಗಿ ಸಿಕ್ಕವರೆಲ್ಲ ‘ಡಾಕ್ಟರ್ ಆಗ್ತೀಯ ಅಲ್ವಾ’ ಅಂತಲೇ ಮಾತು ಶುರು ಮಾಡುತ್ತಿದ್ದರು. ನಾನೂ ಹೌದು ಅನ್ನುತ್ತಿದ್ದೆ. ಯಾಕೆ ಅಂತ ಒಮ್ಮೆಯೂ ಕೂತು ಯೋಚಿಸಿರಲಿಲ್ಲ.

ಎರಡನೇ ಪಿಯುಸಿ ವರ್ಷ ರಾಜ್ಯದ ವೃತ್ತಿಪರ ಕೋರ್ಸುಗಳಿಗೆ ಸಿಇಟಿ, ಎಂಜಿನಿಯರಿಂಗ್‌ಗೆ ಜೆಇಇ ಮೇನ್, ವೈದ್ಯಕೀಯಕ್ಕೆ ನೀಟ್, ಮೂರನ್ನೂ ಬರೆದೆ. ಅರ್ಜಿ ಹಾಕುವುದಕ್ಕೆ ಇದ್ದ ಉತ್ಸಾಹ ಓದುವುದಕ್ಕೆ ಉಳಿಯಲಿಲ್ಲ. ನೀಟ್‌ನಲ್ಲಿ ಸರ್ಕಾರಿ ಸೀಟು ಸಿಗುವಷ್ಟು ಬರಲಿಲ್ಲ. ಮತ್ತೆ ನೀಟ್ ಬರೆಯಲಿ ಅಂತ ಅಪ್ಪ ಮೆಣಸು ಮಾರಿದ ದುಡ್ಡು ಕಟ್ಟಿ ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಿಸಿದರು. ಅಲ್ಲಿ ವಾರಕ್ಕೊಂದು ಟೆಸ್ಟ್, ಗೋಡೆಗೆ ರ‍್ಯಾಂಕ್ ಪಟ್ಟಿ. ನಿನಗೆ ಯಾವ ಕೆಲಸ ಇಷ್ಟ ಅಂತ ಮಾತ್ರ ಯಾರೂ ಕೇಳಲಿಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ.

ದಸರೆಗೆ ಊರಿಗೆ ಬಂದಾಗ ತೋಟದಲ್ಲಿ ಬೋರರ್ ಟ್ರೇಸಿಂಗ್ ನಡೆಯುತ್ತಿತ್ತು. ಬಿಳಿ ಕಾಂಡಕೊರಕ ಹಿಡಿದ ಗಿಡಗಳನ್ನು ಹುಡುಕಿ, ಕಿತ್ತು ಸುಡುವ ಕೆಲಸ ಅದು. ಕಾಂಡದ ಮೇಲೆ ಗೆರೆಯಂತೆ ಉಬ್ಬಿದ್ದರೆ ಒಳಗೆ ಹುಳು ಇದೆ ಅಂತ ಅರ್ಥ. ಹದಿನೈದು ವರ್ಷ ಸಾಕಿದ ಗಿಡಗಳನ್ನು ಅಪ್ಪ ಮಾತಾಡದೆ ಕೀಳಿಸುತ್ತಿದ್ದರು. ಅವತ್ತು ತೋಟ ನೋಡಲು ಬಂದಿದ್ದ ತೋಟಗಾರಿಕೆ ಓದಿದವರೊಬ್ಬರು ಕಾಂಡ ಸೀಳಿ ಮರಿಹುಳು ತೋರಿಸಿದರು. ಇದರ ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಕಾಂಡದೊಳಗೆ ಕೊರೆಯುತ್ತಾ ಹೋಗುತ್ತದೆ. ನೆರಳು ಕಡಿಮೆಯಾಗಿ ಬಿಸಿಲು ಬೀಳುವ ಕಡೆ ಕಾಟ ಜಾಸ್ತಿ. ನಾನು ಬಿಡದೆ ಪ್ರಶ್ನೆ ಕೇಳುತ್ತಿದ್ದೆ. ಎರಡು ಗಂಟೆ ಕಳೆದಿದ್ದೇ ಗೊತ್ತಾಗಲಿಲ್ಲ. ಮನುಷ್ಯರ ರೋಗದ ಪಾಠ ಕೇಳುವಾಗ ಹೀಗೆ ಯಾವತ್ತೂ ಆಗಿರಲಿಲ್ಲ.

ಕೋಚಿಂಗ್‌ಗೆ ವಾಪಸ್ ಹೋದ ಮೇಲೆ ಹಳೇ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯತೊಡಗಿದೆ. ಈ ಸಲ ಮಾರ್ಕ್ಸಿಗಲ್ಲ, ಯಾವ ಪರೀಕ್ಷೆ ನನ್ನಿಂದ ಏನು ಕೇಳುತ್ತೆ ಅಂತ ನೋಡುವುದಕ್ಕೆ. ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ. ನಿಮಿಷಕ್ಕೊಂದು. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ, ಅಂದರೆ ಒಂದೊಂದನ್ನೂ ಬಿಡಿಸಿ ಬಿಡಿಸಿ ಮಾಡಬೇಕು. ನನ್ನದು ನಿಧಾನದ ಕೈ. ಲೆಕ್ಕ ಅಂದರೆ ಅಷ್ಟಕ್ಕಷ್ಟೇ. ಹಾಗಾಗಿ ಜೆಇಇ ಅಲ್ಲಿಗೇ ಕೈಬಿಟ್ಟೆ.

ನೀಟ್‌ನ ವಿಷಯ ಬೇರೆ. ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಕಟ್. ಒಂದು ಪತ್ರಿಕೆಯಲ್ಲಿ 40 ಪ್ರಶ್ನೆಗೆ ಸುಮ್ನೆ ಊಹೆ ಮಾಡಿದ್ದೆ. 8 ಸರಿ, 32 ತಪ್ಪು. ಬಂದಿದ್ದು 32, ಹೋಗಿದ್ದೂ 32. ಅರ್ಧ ಗಂಟೆಗೂ ಜಾಸ್ತಿ ಹೊತ್ತು ನೀರಿನಲ್ಲಿ ಹೋಮ. ಸಿಇಟಿಯಲ್ಲಿ ತಪ್ಪಿಗೆ ಮಾರ್ಕ್ಸ್ ಕತ್ತರಿಸಲ್ಲ. ಆದರೆ ಅದು ಸುಲಭ ಅಂತ ನಾನು ಸಿಇಟಿ ಹಿಡಿಯಲಿಲ್ಲ, ಇದನ್ನು ಒತ್ತಿ ಹೇಳಬೇಕು. ನನಗೆ ಬೇಕಾದ ಬಿಎಸ್ಸಿ ತೋಟಗಾರಿಕೆಯ ಬಾಗಿಲು ಸಿಇಟಿಯಲ್ಲಿತ್ತು. ವೈದ್ಯಕೀಯ ಬೇಕು ಅಂತ ಮನಸ್ಸು ಗಟ್ಟಿಯಾಗಿ ಹೇಳಿದ್ದರೆ ಆ ಒಂದು ಮಾರ್ಕ್ಸಿನ ಪೆಟ್ಟು ತಡೆದುಕೊಳ್ಳುವುದನ್ನು ಕಲಿಯಲೇಬೇಕಿತ್ತು.

ಮನೆಯಲ್ಲಿ ಹೇಳುವುದೇ ಕಷ್ಟವಾಯಿತು. ಅಮ್ಮ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ‘ತೋಟದಲ್ಲಿ ಕೆಲಸ ಮಾಡೋಕೆ ಇಷ್ಟು ಓದಬೇಕಾ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪನನ್ನು ಕರೆದುಕೊಂಡು ಮೂಡಿಗೆರೆಯ ತೋಟಗಾರಿಕೆ ಕಾಲೇಜಿಗೆ ಹೋದೆ. ಅಲ್ಲಿನ ವಿದ್ಯಾರ್ಥಿಗಳ ಹತ್ತಿರ ಬೆಳಗ್ಗೆಯಿಂದ ಸಂಜೆತನಕ ಏನು ಮಾಡ್ತೀರಿ, ಮುಂದೆ ಏನು ಮಾಡ್ತೀರಿ ಅಂತ ಕೇಳಿದೆವು. ಬ್ಯಾಂಕಿನಲ್ಲಿ ಕೃಷಿ ಅಧಿಕಾರಿ ಹುದ್ದೆಗೆ ಐಬಿಪಿಎಸ್ ಬರೆಯಬಹುದು, ಇಲಾಖೆಯ ಹುದ್ದೆಗಳಿಗೆ ಕೆಪಿಎಸ್‌ಸಿ ಇದೆ, ಇನ್ನೂ ಓದಬೇಕು ಅಂದರೆ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್) ಪರೀಕ್ಷೆ ಇದೆ ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ‘ಸಿಇಟಿ ಬರಿ’ ಅಂದರು. ಒಂದೇ ಮಾತು.

ಅಲ್ಲಿಂದ ಓದು ಹಗುರಾಯಿತು. ಬೆಳಗ್ಗೆ ಜೀವಶಾಸ್ತ್ರ, ಮಧ್ಯಾಹ್ನ ರಸಾಯನಶಾಸ್ತ್ರ, ಸಂಜೆ ನನಗೆ ಕಷ್ಟವಾಗುತ್ತಿದ್ದ ಭೌತಶಾಸ್ತ್ರ. ಈ ಕೋರ್ಸಿನಲ್ಲಿ ಕೃಷಿಕರ ಮಕ್ಕಳ ಕೋಟಾಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಇದೆ ಅಂತ ತುಂಬಾ ಜನರಿಗೆ ಗೊತ್ತಿರಲ್ಲ. ಗೊತ್ತಾದಾಗ ಕಾಗದಪತ್ರ ಸಿದ್ಧವಿರಲ್ಲ. ತಂದೆ ತಾಯಿ ಕೃಷಿಕರು ಅನ್ನುವುದಕ್ಕೆ ದಾಖಲೆ ಬೇಕು, ಅದನ್ನು ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಆ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಕಳೆ, ಸಲಕರಣೆ ಗುರುತಿಸಬೇಕು. ಅದಕ್ಕೆ ನನಗೆ ಪಾಠ ಹೇಳಿದ್ದು ಅಮ್ಮನೇ. ಮೊರದಲ್ಲಿ ಕಾಳುಗಳನ್ನು ಬೆರೆಸಿ ಮುಂದಿಡುತ್ತಿದ್ದರು. ನವಣೆ ಯಾವುದು, ಸಾಮೆ ಯಾವುದು ಅಂತ ನಾನು ತಪ್ಪಿದರೆ ಮತ್ತೆ ಬೆರೆಸುತ್ತಿದ್ದರು. ಅವರ ಸಿಟ್ಟು ಹೋಗಿದ್ದು ಆ ದಿನಗಳಲ್ಲೇ.

ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಮೂಡಿಗೆರೆ ಮೊದಲು ಹಾಕಿದೆ, ಹಾಸನದ ಕಾರೇಕೆರೆ ಕೃಷಿ ಕಾಲೇಜು ಆಮೇಲೆ. ಮೊದಲನೆಯದೇ ಸಿಕ್ಕಿತು. ಈಗ ಕೊನೇ ವರ್ಷ. ಎಂಎಸ್ಸಿಗೆ ಐಸಿಎಆರ್ ಪರೀಕ್ಷೆಗೆ ಓದುತ್ತಿದ್ದೇನೆ. 120 ನಿಮಿಷಕ್ಕೆ 120 ಪ್ರಶ್ನೆ, ತಪ್ಪಿಗೆ ಒಂದು ಮಾರ್ಕ್ಸ್ ಕಟ್. ಅದೇ ನಿಮಿಷಕ್ಕೊಂದು ಪ್ರಶ್ನೆ, ಅದೇ ಪೆಟ್ಟು. ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗುವುದನ್ನು ದಿನಾ ಬೆಳಗ್ಗೆ ಅಭ್ಯಾಸ ಮಾಡುತ್ತಿದ್ದೇನೆ. ನೆನ್ನೆ ಬರೆದ ಪತ್ರಿಕೆಯಲ್ಲಿ 14 ಪ್ರಶ್ನೆ ಮುಟ್ಟದೆ ಬಿಟ್ಟೆ.